ಗಾಡಿ ಎಷ್ಟು ಎತ್ತಿಸಬೇಕು? ಸಸ್ಪೆನ್ಷನ್ ಲಿಫ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಹದಿನೈದು ವರ್ಷದಿಂದ ಫೋರ್ ವೀಲ್ ಡ್ರೈವ್ ಓಡಿಸುತ್ತಿದ್ದೇನೆ. ಮೊದಲು ಜಿಪ್ಸಿ ಇತ್ತು, ಈಗ ಥಾರ್ ಇದೆ. ಮುಂಗಾರು ಹತ್ತಿರ ಬಂತು ಅಂದರೆ ಗೆಳೆಯರಿಂದ, ಗೆಳೆಯರ ಗೆಳೆಯರಿಂದ ಸಸ್ಪೆನ್ಷನ್ ಲಿಫ್ಟ್ ಬಗ್ಗೆ, ಅಂದರೆ ಸ್ಪ್ರಿಂಗ್ ಬದಲಿಸಿಯೋ ಅದಕ್ಕೆ ಬಿಲ್ಲೆ ಇಟ್ಟೋ ಗಾಡಿಯನ್ನು ಎತ್ತರ ಮಾಡಿಸುವುದರ ಬಗ್ಗೆ, ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ ಅವಸರದ ಉತ್ತರ ಕೊಟ್ಟು ಯಾರದೋ ದುಡ್ಡು, ಯಾರದೋ ಗಾಡಿ ಹಾಳಾಗುವುದು ನನಗೆ ಇಷ್ಟವಿಲ್ಲ. ಅದಕ್ಕೆ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಲಿಫ್ಟ್ ಮಾಡಿಸಿದ್ರೆ ಗಾಡಿಯ ಎಲ್ಲಾ ಭಾಗ ಮೇಲೆ ಹೋಗುತ್ತಾ?

ಇಲ್ಲ. ಸ್ಪ್ರಿಂಗ್ ಮೇಲೆ ಕೂತಿರುವ ಭಾಗ ಮಾತ್ರ ಮೇಲೆ ಹೋಗುತ್ತದೆ. ಅಂದರೆ ಚಾಸಿ, ಬಾಡಿ, ಎಂಜಿನ್, ಗೇರ್ ಬಾಕ್ಸ್. ಜಿಮ್ನಿ, ಜಿಪ್ಸಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ತುಂಡಿನ ಆಕ್ಸಲ್ ಇದೆ. ಅದರಲ್ಲಿ ಎಂಜಿನ್ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್‌ನ ದುಂಡನೆಯ ಉಬ್ಬು ಇರುತ್ತದಲ್ಲ, ದಾರಿ ನಡುವಿನ ಕಲ್ಲು ಮೊದಲು ಬಡಿಯುವುದು ಅದಕ್ಕೇ. ನೀವು 2 ಇಂಚು ಎತ್ತಿಸಿ, 6 ಇಂಚು ಎತ್ತಿಸಿ, ಆ ಉಬ್ಬು ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ದೂರ ಮಾಡುವುದು ದೊಡ್ಡ ಟಯರ್ ಮಾತ್ರ. ಟಯರಿನ ವ್ಯಾಸ 2 ಇಂಚು ಹೆಚ್ಚಾದರೆ ಆಕ್ಸಲ್ 1 ಇಂಚು ಮೇಲೆ ಹೋಗುತ್ತದೆ.

2020ರ ಥಾರ್‌ನ ಲೆಕ್ಕ ಸ್ವಲ್ಪ ಬೇರೆ. ಅದರ ಮುಂದಿನ ಎರಡು ಚಕ್ರಗಳೂ ಬಿಡಿಬಿಡಿಯಾಗಿ ಆಡುತ್ತವೆ, ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕೂತಿದೆ. ಹಾಗಾಗಿ ಲಿಫ್ಟ್ ಮಾಡಿಸಿದರೆ ಮುಂದಿನದು ಮೇಲೇಳುತ್ತದೆ. ಹಿಂದಿನದು ಏಳುವುದಿಲ್ಲ.

ಹಾಗಾದ್ರೆ ಲಿಫ್ಟ್‌ನಿಂದ ಲಾಭ ಏನು?

ಎರಡು ಲಾಭ ಇದೆ. ದೊಡ್ಡ ಟಯರ್ ತಿರುಗಲು, ಮೇಲೆ ಕೆಳಗೆ ಆಡಲು ಜಾಗ ಸಿಗುತ್ತದೆ. ಇದು ಮುಖ್ಯವಾದದ್ದು. ಇನ್ನೊಂದು, ಗಾಡಿಯ ಹೊಟ್ಟೆ, ಮೂತಿ, ಬಾಲ ನೆಲದಿಂದ ದೂರವಾಗುತ್ತವೆ. ದಿಬ್ಬ ದಾಟುವಾಗ ಹೊಟ್ಟೆ ಕೂರದೆ ಹೋಗುವ ಕೋನವನ್ನೇ ತೆಗೆದುಕೊಳ್ಳಿ. ಮೂರು ಬಾಗಿಲಿನ ಥಾರ್‌ನ ವೀಲ್ ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,450 ಮಿ.ಮೀ. ಅದನ್ನು 50 ಮಿ.ಮೀ. ಎತ್ತಿಸಿದರೆ ಆ ಕೋನ ನಾಲ್ಕು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಹೆಚ್ಚುತ್ತದೆ. ಥಾರ್ ರಾಕ್ಸ್‌ನ ವೀಲ್ ಬೇಸ್ 2,850 ಮಿ.ಮೀ. ಇರುವುದರಿಂದ ಅಷ್ಟೇ ಎತ್ತರಕ್ಕೆ ಸಿಗುವ ಲಾಭ ಕಡಿಮೆ. ಗಾಡಿ ಉದ್ದ ಇದ್ದಷ್ಟೂ ಹೊಟ್ಟೆ ಕೂರುವ ಭಯ ಜಾಸ್ತಿ.

ನಮ್ಮ ಮಲೆನಾಡಿನ ದಾರಿಗೆ ಎಷ್ಟು ಎತ್ತರ ಬೇಕು?

ನನ್ನ ಉತ್ತರ ಒಂದೂವರೆಯಿಂದ ಎರಡು ಇಂಚು, ಅಂದರೆ 40ರಿಂದ 50 ಮಿ.ಮೀ. ಅದಕ್ಕಿಂತ ಜಾಸ್ತಿ ಬೇಕಾಗುವ ದಾರಿ ನಮ್ಮ ಕಡೆ ಅಪರೂಪ. ಬಹಳ ಜನರಿಗೆ ಇಷ್ಟೂ ಬೇಕಿಲ್ಲ.

ಯಾಕೆ ಅಂತ ಹೇಳುತ್ತೇನೆ. ಜುಲೈ ತಿಂಗಳಲ್ಲಿ ತೋಟದ ಮಣ್ಣಿನ ದಾರಿ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಮೇಲೆ ಬೆಣ್ಣೆಯ ಹಾಗೆ ಜಾರುವ ಕೆಂಪು ಮಣ್ಣು. ಟ್ರ್ಯಾಕ್ಟರ್ ಕೊರೆದ ಎರಡು ಜಾಡು. ನಡುವೆ ಹುಲ್ಲು ಬೆಳೆದ ದಿಣ್ಣೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಾಫಿ ಗಿಡದ ಇಳಿಜಾರು. ಇಲ್ಲಿ ಗಾಡಿ ನಿಂತರೆ ಹತ್ತರಲ್ಲಿ ಎಂಟು ಸಲ ಕಾರಣ ಹಿಡಿತ. ಟಯರಿನ ಹಲ್ಲುಗಳಲ್ಲಿ ಮಣ್ಣು ತುಂಬಿ ಚಕ್ರ ಸುಮ್ನೆ ಸುತ್ತುತ್ತದೆ. ಎತ್ತರ ಸಾಲದೆ ಹೊಟ್ಟೆ ಕೂರುವುದು ಟ್ರ್ಯಾಕ್ಟರ್ ಜಾಡು ಬಹಳ ಆಳವಾದಾಗ ಮಾತ್ರ. ಅಲ್ಲೂ ಜಾಡಿನೊಳಗೆ ಇಳಿಯದೆ ಒಂದು ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ಪಕ್ಕದ ಅಂಚಿನ ಮೇಲೆ ಇಟ್ಟುಕೊಂಡು ಹೋಗಲು ಬಹಳ ಸಲ ಸಾಧ್ಯವಿದೆ.

ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನರನ್ನು ಹತ್ತಿಸುವ ಬಾಡಿಗೆ ಜೀಪುಗಳನ್ನು ನೋಡಿದ್ದೀರಾ? ಬಹುಪಾಲು ಕಂಪನಿ ಕೊಟ್ಟ ಎತ್ತರದಲ್ಲೇ ಇವೆ. ದಿನಕ್ಕೆ ಹಲವು ಸಲ, ತುಂಬಿದ ಗಾಡಿಯಲ್ಲಿ ಆ ದಾರಿ ಹತ್ತುತ್ತವೆ. ಆ ಚಾಲಕರು ಚಕ್ರ ಎಲ್ಲಿಡುತ್ತಾರೆ ಅಂತ ಗಮನಿಸಿ. ಒಂದು ಪ್ರಯಾಣದಲ್ಲಿ ಅಷ್ಟು ಕಲಿಯಬಹುದು.

ಹೊಸ ಗಾಡಿ ತಗೊಂಡೆ ಸಾರ್. ಲಿಫ್ಟ್ ಮೊದಲು ಮಾಡಿಸ್ಲಾ, ಟಯರ್ ಮೊದಲು ಹಾಕಿಸ್ಲಾ?

ಎರಡೂ ಬೇಡ. ಒಂದು ಮಳೆಗಾಲ ಹಾಗೇ ಓಡಿಸಿ. ಥಾರ್‌ಗೆ ಕಂಪನಿಯೇ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಅಂತರ) ಹೇಳುತ್ತದೆ, ಜಿಮ್ನಿಗೆ 210. ಇದು ಕಡಿಮೆ ಏನಲ್ಲ. ಎಲ್ಲಿ ತಾಗಿತು, ಏನು ತಾಗಿತು ಅಂತ ಗುರುತು ಮಾಡಿಕೊಳ್ಳಿ. ಗಾಡಿ ತೊಳೆದ ಮೇಲೆ ಕೆಳಗೆ ಮಲಗಿ ನೋಡಿದರೆ ಗೀರುಗಳೇ ಹೇಳುತ್ತವೆ. ಗೀರು ಹಿಂದಿನ ಡಿಫರೆನ್ಷಿಯಲ್ ಮೇಲಿದ್ದರೆ ಬೇಕಾದ್ದು ಟಯರ್. ಗೇರ್ ಬಾಕ್ಸ್ ಕೆಳಗೆ, ಚಾಸಿ ಪಟ್ಟಿಯ ಮೇಲಿದ್ದರೆ ಲಿಫ್ಟ್. ಬಂಪರ್ ತುದಿ ಮಾತ್ರ ಉಜ್ಜಿದ್ದರೆ ದಾರಿಗೆ ಮೂತಿ ಕೊಡುವ ರೀತಿ ಬದಲಿಸಿದರೂ ಸಾಕು.

ಅದಾದ ಮೇಲೆ ಖರ್ಚು ಮಾಡಬೇಕೆನಿಸಿದರೆ ಒಳ್ಳೆಯ ಟಯರ್, ಗಾಳಿ ಇಳಿಸಿ ತುಂಬಲು ಒಂದು ಪುಟ್ಟ ಕಂಪ್ರೆಸರ್. ಮಣ್ಣಿನ ದಾರಿಯಲ್ಲಿ 18-20 ಪಿಎಸ್‌ಐಗೆ ಇಳಿಸಿದ ಟಯರ್ ಮಾಡುವ ಕೆಲಸವನ್ನು ಯಾವ ಲಿಫ್ಟ್ ಕಿಟ್ಟೂ ಮಾಡುವುದಿಲ್ಲ. ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಪೊಲೀಸ್, ಆರ್‌ಟಿಓ ಹಿಡಿಯಲ್ವಾ?

ಹಿಡಿಯಬಹುದು. ಗಾಡಿಯನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದರದ್ದೇ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದನ್ನು ತಿಳಿದೇ ಮುಂದೆ ಹೆಜ್ಜೆ ಇಡಿ. ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿ. ವಿಮಾ ಕಂಪನಿಗೂ ಬರೆದು ತಿಳಿಸಿ. ಹೇಳದೆ ಮಾಡಿಸಿ ಆಮೇಲೆ ಅಪಘಾತವಾದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಸದೆ ಸ್ವಂತ ತೋಟದೊಳಗೆ ಮಾತ್ರ ಓಡಿಸುವವರ ವಿಚಾರ ಬೇರೆ.

## ಕಿಟ್ ಆರಿಸುವಾಗ

ಸ್ಪೇಸರ್ ಅಗ್ಗಕ್ಕೆ ಸಿಗುತ್ತೆ. ಸ್ಪ್ರಿಂಗ್ ಯಾಕೆ ಬದಲಿಸಬೇಕು?

ಸ್ಪೇಸರ್ ಅಂದರೆ ಹಳೆಯ ಸ್ಪ್ರಿಂಗ್‌ನ ಮೇಲೋ ಕೆಳಗೋ ಇಡುವ ಒಂದು ದಪ್ಪ ಬಿಲ್ಲೆ. ಗಾಡಿ ಎತ್ತರ ಆಗುತ್ತದೆ, ಸ್ಪ್ರಿಂಗ್‌ನ ಗುಣ ಹಳೆಯದೇ. 20-25 ಮಿ.ಮೀ.ವರೆಗೆ, ಖಾಲಿ ಗಾಡಿಗೆ, ಇದು ತಪ್ಪಲ್ಲ. ಅದಕ್ಕಿಂತ ಜಾಸ್ತಿ ಆದರೆ ಹಳೆಯ ಶಾಕ್ ಅಬ್ಸಾರ್ಬರ್‌ನ ಉದ್ದ ಸಾಲುವುದಿಲ್ಲ. ಚಕ್ರ ಕೆಳಗೆ ಜೋತಾಗ ಶಾಕ್ ತನ್ನ ಕೊನೆಗೆ ಬಂದು 'ಟಕ್' ಅಂತ ಬಡಿಯುತ್ತದೆ. ದಿನಾ ಹಾಗೆ ಬಡಿದರೆ ಒಳಗಿನ ಸೀಲ್ ಹೋಗುತ್ತದೆ.

ಥಾರ್‌ನ ಮುಂದಿನ ಸ್ಪೇಸರ್ ತೆಗೆದುಕೊಳ್ಳುವವರು ಒಂದು ವಿಷಯ ಗಮನಿಸಿ. ಅಲ್ಲಿ ಸ್ಪ್ರಿಂಗ್ ಕೂತಿರುವುದು ಕೆಳಗಿನ ತೋಳಿನ ನಡುಭಾಗದಲ್ಲಿ, ಚಕ್ರ ಇರುವುದು ತೋಳಿನ ತುದಿಯಲ್ಲಿ. ಹಾಗಾಗಿ ಬಿಲ್ಲೆಯ ದಪ್ಪಕ್ಕಿಂತ ಜಾಸ್ತಿ ಎತ್ತರ ಬರುತ್ತದೆ. 'ಎಷ್ಟು ದಪ್ಪ' ಅಂತ ಕೇಳಬೇಡಿ, 'ಚಕ್ರದ ಹತ್ತಿರ ಎಷ್ಟು ಏಳುತ್ತದೆ' ಅಂತ ಕೇಳಿ.

50 ಮಿ.ಮೀ. ಬೇಕು ಅನ್ನುವವರು ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಎರಡನ್ನೂ ಒಟ್ಟಿಗೆ, ಒಂದೇ ತಯಾರಕರದ್ದು ಹಾಕಿಸಿ. ಬಾಡಿ ಲಿಫ್ಟ್ ಅಂತ ಇನ್ನೊಂದಿದೆ, ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಡುವುದು. ಟಯರಿಗೆ ಜಾಗ ಸಿಗುತ್ತದೆ, ಹೊಟ್ಟೆ ಮೇಲೇಳುವುದಿಲ್ಲ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಯಾವ ಟಯರ್‌ಗೆ ಎಷ್ಟು ಲಿಫ್ಟ್?

ಇಲ್ಲಿಂದಲೇ ಲೆಕ್ಕ ಶುರು ಮಾಡಬೇಕು. ಟಯರ್ ಮೊದಲು ತೀರ್ಮಾನಿಸಿ, ಎತ್ತರ ಆಮೇಲೆ. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟಯರಿನ ವ್ಯಾಸ 693 ಮಿ.ಮೀ. 215/75 ಆರ್15 ಹಾಕಿದರೆ 703, ಅದಕ್ಕೆ ಲಿಫ್ಟ್ ಬೇಕಿಲ್ಲ. 235/75 ಆರ್15 ಅಂದರೆ 733. ಇದಕ್ಕೆ 40-50 ಮಿ.ಮೀ. ಇದ್ದರೆ ನೆಮ್ಮದಿ. ಥಾರ್‌ನ 255/65 ಆರ್18 ಸುಮಾರು 789 ಮಿ.ಮೀ. ಇದೆ. 265/70 ಆರ್17 ಅಂದರೆ 803, ಅಲ್ಪ ವ್ಯತ್ಯಾಸ. 33 ಇಂಚು ಅಂತ ಕರೆಯುವ 285/70 ಆರ್17 ಅಂದರೆ 831 ಮಿ.ಮೀ. ಇದಕ್ಕೆ 2 ಇಂಚಿನ ಲಿಫ್ಟ್ ಬೇಕೇ ಬೇಕು ಅಂದುಕೊಳ್ಳಿ.

ರಿಮ್ಮಿನ ಆಫ್‌ಸೆಟ್ ಬದಲಾದರೆ ಇದೆಲ್ಲ ಬದಲಾಗುತ್ತದೆ. ಚಕ್ರ ಹೊರಗೆ ಚಾಚಿದಷ್ಟೂ ಸ್ಟೇರಿಂಗ್ ತಿರುಗಿಸಿದಾಗ ಟಯರ್ ಬಂಪರಿಗೆ ಉಜ್ಜುತ್ತದೆ.

ಅಮ್ಮನಿಗೆ ಈಗಲೇ ಹತ್ತೋಕೆ ಕಷ್ಟ. 2 ಇಂಚು ಜಾಸ್ತಿ ಆದ್ರೆ?

2 ಇಂಚಿನ ಲಿಫ್ಟ್, ಜೊತೆಗೆ ದೊಡ್ಡ ಟಯರಿಂದ ಮುಕ್ಕಾಲು ಇಂಚು. ಮಂಡಿ ನೋವಿರುವವರಿಗೆ ಅದು ತುಂಬಾ ದೊಡ್ಡ ವ್ಯತ್ಯಾಸ. ಮನೆಯವರೆಲ್ಲ ಓಡಾಡುವ ಒಂದೇ ಗಾಡಿ ಆದರೆ ದಯವಿಟ್ಟು ಎತ್ತಿಸಬೇಡಿ, ಇಲ್ಲವೇ ಗಟ್ಟಿಯಾದ ಪಕ್ಕದ ಮೆಟ್ಟಿಲು ಮೊದಲು ಹಾಕಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ನೆಲಮಾಳಿಗೆಯ ಪಾರ್ಕಿಂಗ್ ಎತ್ತರವನ್ನೂ ಅಳೆದು ನೋಡಿ. ಥಾರ್ ಈಗಲೇ 1.8 ಮೀಟರ್ ದಾಟಿದೆ. ಮೇಲೆ ಕ್ಯಾರಿಯರ್ ಬೇರೆ ಇದ್ದರೆ ಪೈಪಿಗೆ ತಾಗಬಹುದು.

ವಿಂಚ್, ಕಬ್ಬಿಣದ ಬಂಪರ್ ಹಾಕಿಸೋ ಯೋಚನೆ ಇದೆ. ಅದಕ್ಕೂ ಲಿಫ್ಟ್‌ಗೂ ಸಂಬಂಧ ಇದೆಯಾ?

ಇದೆ, ಬಹಳ ಇದೆ. 2 ಇಂಚಿನ ಸ್ಪ್ರಿಂಗ್ ಅಂತ ಮಾರುವುದು ಒಂದು ನಿರ್ದಿಷ್ಟ ತೂಕವನ್ನು ಲೆಕ್ಕ ಹಾಕಿ. ಮುಂದೆ ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಹಗ್ಗದ ರಾಟೆ), ಬಂಪರ್ ಸೇರಿ 80-100 ಕೆ.ಜಿ. ಬಂದರೆ ಆ 2 ಇಂಚಿನಲ್ಲಿ ಒಂದಿಷ್ಟು ಅಲ್ಲೇ ಕರಗಿ ಹೋಗುತ್ತದೆ. ಅದೇ ತೂಕಕ್ಕೆಂದು ಮಾಡಿದ ಗಟ್ಟಿ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಎರಡಲ್ಲ, ಎರಡೂವರೆ ಮೂರು ಇಂಚು ಏಳುತ್ತದೆ, ಸಣ್ಣ ಹೊಂಡಕ್ಕೂ ಸೊಂಟ ಹಿಡಿಯುತ್ತದೆ. ಗಾಡಿಯಲ್ಲಿ ಸದಾ ಇರುವ ತೂಕ ಎಷ್ಟು ಅಂತ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ವರ್ಷಕ್ಕೆ ಎರಡು ಸಲ ಕಟ್ಟುವ ಟೆಂಟು ಆ ಲೆಕ್ಕಕ್ಕೆ ಸೇರಬಾರದು.

ಎತ್ತರ ಆದ್ರೆ ಗಾಡಿ ಮಗುಚಿಕೊಳ್ಳುತ್ತಾ?

ಎಲ್ಲರೂ ಕೊನೆಗೆ ಕೇಳುವ ಈ ಪ್ರಶ್ನೆ ಮೊದಲು ಬರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಒಂದು ಲೆಕ್ಕ ಮಾಡೋಣ. ಎಡ ಬಲ ಚಕ್ರಗಳ ನಡುವೆ 1,500 ಮಿ.ಮೀ. ಅಗಲ, ಗಾಡಿಯ ತೂಕದ ಕೇಂದ್ರ ನೆಲದಿಂದ 700 ಮಿ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಕಾಗದದ ಮೇಲೆ ಅಂಥ ಗಾಡಿ 47 ಡಿಗ್ರಿ ವಾಲುವವರೆಗೆ ನಿಲ್ಲುತ್ತದೆ. 2 ಇಂಚು ಎತ್ತಿಸಿ ಕೇಂದ್ರ 740ಕ್ಕೆ ಹೋದರೆ 45. 4 ಇಂಚಿಗೆ 780 ಆದರೆ 44. ಮೂರೇ ಡಿಗ್ರಿ, ಏನು ಮಹಾ ಅನಿಸುತ್ತದೆ ಅಲ್ವಾ?

ದಾರಿಯಲ್ಲಿ ಹಾಗಿರುವುದಿಲ್ಲ. ಗಾಡಿ ವಾಲಿದಾಗ ಕೆಳಗಿನ ಕಡೆಯ ಸ್ಪ್ರಿಂಗ್ ಒತ್ತಿಕೊಂಡು ಬಾಡಿ ಇನ್ನೂ ಅತ್ತ ಸರಿಯುತ್ತದೆ. ಎತ್ತರದ, ಮೆತ್ತನೆಯ ಸ್ಪ್ರಿಂಗ್‌ನಲ್ಲಿ ಇದು ಜಾಸ್ತಿ. ಮೇಲೆ ಕ್ಯಾರಿಯರ್‌ನಲ್ಲಿ ಸಾಮಾನಿದ್ದರೆ ಇನ್ನೂ ಜಾಸ್ತಿ. 25 ಡಿಗ್ರಿಯ ಅಡ್ಡ ಇಳಿಜಾರಿನಲ್ಲಿ ಹೋಗುತ್ತಿರುವಾಗ ಕೆಳಗಿನ ಚಕ್ರ 200 ಮಿ.ಮೀ. ಆಳದ ಹೊಂಡಕ್ಕೆ ಇಳಿಯಿತು ಅನ್ನಿ. ಆ ಕ್ಷಣಕ್ಕೆ ಮತ್ತೆ 7 ಡಿಗ್ರಿ ಸೇರಿತು. ಮೇಲಿನ ಚಕ್ರ ಒಂದು ಕಲ್ಲು ಹತ್ತಿದರೆ ಇನ್ನೊಂದಿಷ್ಟು. ಕಾಗದದ ಮೇಲಿನ ಆ ಮೂರು ಡಿಗ್ರಿಯ ಬೆಲೆ ಅಲ್ಲಿ ಗೊತ್ತಾಗುತ್ತದೆ. ನಮ್ಮ ತೋಟದ ದಾರಿಗಳು ಬಹುಪಾಲು ಗುಡ್ಡದ ಪಕ್ಕೆ ಕಡಿದು ಮಾಡಿದವು. ಹೊರಗಿನ ಅಂಚು ಮಳೆಗೆ ಕುಸಿದಿರುತ್ತದೆ. ನಾನು ಎರಡು ಇಂಚಿಗೆ ಗೆರೆ ಎಳೆಯುವುದಕ್ಕೆ ಮುಖ್ಯ ಕಾರಣ ಇದೇ.

ಟಾರು ರಸ್ತೆಯದ್ದೂ ಒಂದು ಮಾತು. ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಎತ್ತಿಸಿದ ಗಾಡಿ ಮೊದಲಿನ ವೇಗದಲ್ಲಿ ತಿರುಗುವುದಿಲ್ಲ. ಮೊದಲ ಒಂದು ತಿಂಗಳು ಹೊಸ ಗಾಡಿ ಅಂದುಕೊಂಡೇ ಓಡಿಸಿ.

## ಆಳಕ್ಕೆ ಇಳಿದವರಿಗೆ

ಹಳೆ ಜಿಪ್ಸಿ. ಕಮಾನು ಆಕ್ಸಲ್ ಮೇಲೆ ಕೂರಿಸಿದ್ರೆ ಒಂದೇ ಸಲಕ್ಕೆ ನಾಲ್ಕೈದು ಇಂಚು ಬರುತ್ತಂತೆ?

ಬರುತ್ತದೆ. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಗಿ ಕೆಲಸ ಮಾಡುವ ಕಮಾನು ಪಟ್ಟಿ ಆಕ್ಸಲ್‌ನ ಕೆಳಗಿರುತ್ತದೆ. ಅದನ್ನು ಮೇಲೆ ಕೂರಿಸಿದರೆ ಅಷ್ಟು ಎತ್ತರ ಸಿಗುತ್ತದೆ. ನಾನೂ ಮಾಡಿಸಿದ್ದೆ. ಮೊದಲ ದಿನವೇ ಸ್ಟೇರಿಂಗ್ ಲಿಂಕ್ ಓರೆಯಾಗಿ, ಹೊಂಡಕ್ಕೆ ಬಿದ್ದಾಗೆಲ್ಲ ಸ್ಟೇರಿಂಗ್ ತಾನೇ ತಿರುಗುತ್ತಿತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಕಮಾನು ಎಸ್ ಆಕಾರಕ್ಕೆ ತಿರುಚಿ ಆಕ್ಸಲ್ ಜಿಗಿಯುತ್ತಿತ್ತು. ಕೆಲಸ ಮಾಡಿದ ಗ್ಯಾರೇಜಿನವರು ಬ್ರೇಕ್ ಹೋಸ್ ಹಳೆಯದೇ ಬಿಟ್ಟಿದ್ದರು. ಒಂದು ದಿನ ತೋಟದ ಇಳಿಜಾರಿನಲ್ಲಿ ಹಿಂದಿನ ಚಕ್ರ ಪೂರ್ತಿ ಜೋತಾಗ ಹೋಸ್ ಎಳೆದು ಕಿತ್ತಿತು. ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಬಹಳ ನಿಧಾನಕ್ಕೆ ಓಡಿಸುವ ಲೋ ರೇಂಜ್‌ನ ಮೊದಲ ಗೇರಿನಲ್ಲಿ ಇದ್ದೆ, ಎಂಜಿನ್ನೇ ಹಿಡಿದು ನಿಲ್ಲಿಸಿತು. ಪಕ್ಕದಲ್ಲಿ ಮಗಳಿದ್ದಳು.

ಸ್ಪರ್ಧೆಗೆ ಇಳಿಯುವವರು, ಸ್ಟೇರಿಂಗ್, ಹೋಸ್, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸ್ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ದಂಡ) ಎಲ್ಲವನ್ನೂ ಸರಿಯಾಗಿ ಬದಲಿಸಲು ತಯಾರಿರುವವರು ಮಾಡಿಸಲಿ. ಉಳಿದವರಿಗೆ ಹೊಸ ಕಮಾನು ಸೆಟ್, ಒಂದೂವರೆ ಎರಡು ಇಂಚು ಸಾಕು. ಉದ್ದದ ಶಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಎತ್ತಿಸುವವರಿಗೆ ಒಂದು ಲೆಕ್ಕ: ಶಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು 1 ಇಂಚು.

ಜಿಮ್ನಿ ಎತ್ತಿಸಿದ ಮೇಲೆ ಹೈವೇನಲ್ಲಿ ನೇರ ಹೋಗ್ತಾ ಇಲ್ಲ, ಅತ್ತಿತ್ತ ಎಳೆಯುತ್ತೆ. ಅಲೈನ್‌ಮೆಂಟ್ ಮಾಡಿಸಿದ್ರೂ ಸರಿ ಆಗಿಲ್ಲ.

ಇದು ಕ್ಯಾಸ್ಟರ್ ಸಮಸ್ಯೆ ಇರಬಹುದು. ಕ್ಯಾಸ್ಟರ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ, ಪಕ್ಕದಿಂದ ನೋಡಿದರೆ, ಹಿಂದಕ್ಕೆ ವಾಲಿರುವ ಕೋನ. ಜಿಮ್ನಿಯ ಮುಂದಿನ ಆಕ್ಸಲನ್ನು ಎರಡು ತೋಳುಗಳು ಹಿಡಿದಿವೆ. ಬಾಡಿ ಮೇಲೆದ್ದಾಗ ಆ ತೋಳುಗಳು ಆಕ್ಸಲನ್ನು ಸ್ವಲ್ಪ ಸುತ್ತಿಸುತ್ತವೆ. ಕ್ಯಾಸ್ಟರ್ ಕೋನ ಕಡಿಮೆಯಾಗಿ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕಳೆದುಕೊಳ್ಳುತ್ತದೆ. ಮಾಮೂಲಿ ಅಲೈನ್‌ಮೆಂಟ್‌ನಲ್ಲಿ ಟೋ, ಅಂದರೆ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದನ್ನು, ಮಾತ್ರ ಸರಿ ಮಾಡುತ್ತಾರೆ, ಇದು ಹಾಗೇ ಉಳಿಯುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್ ಸಿಗುತ್ತದೆ. 2 ಇಂಚಿನ ಕಿಟ್ ಜೊತೆ ಅದನ್ನೂ ಕೇಳಿ ತೆಗೆದುಕೊಳ್ಳಿ.

ಪ್ಯಾನ್‌ಹಾರ್ಡ್ ರಾಡ್ ಅಂತ ಅಡ್ಡಡ್ಡ ಇರುವ ಒಂದು ಸಲಾಕೆಯೂ ಇದೆ. ಲಿಫ್ಟ್ ಮಾಡಿಸಿದರೆ ಅದು ಆಕ್ಸಲನ್ನು ಕೆಲವು ಮಿಲಿಮೀಟರ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಚಕ್ರ ಜಾಸ್ತಿ ಹೊರಗೆ ಕಾಣುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ನಡುವಿಗೆ ಬರುತ್ತದೆ. ಸ್ಟೇರಿಂಗ್ ಗಡಗಡ ನಡುಗುತ್ತಿದ್ದರೆ ಮಾತ್ರ ಓಡಿಸಬೇಡಿ. ಬುಷ್, ಕಿಂಗ್ ಪಿನ್ ಬೇರಿಂಗ್, ರಾಡಿನ ಬೋಲ್ಟು ಎಲ್ಲ ನೋಡಿಸಿ.

ಥಾರ್‌ಗೆ 3-4 ಇಂಚು ಯಾಕೆ ಬೇಡ ಅಂತೀರಿ?

ಮುಂದಿನ ಡ್ರೈವ್ ಶಾಫ್ಟ್‌ಗಾಗಿ. ಬಾಡಿ ಮೇಲೇಳುತ್ತಾ ಹೋದಂತೆ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್ ಕೆಳಕ್ಕೆ ಓರೆಯಾಗುತ್ತದೆ. ಎರಡು ತುದಿಯ, ಬಾಗಿಯೂ ತಿರುಗಬಲ್ಲ ಸಿವಿ ಜಾಯಿಂಟ್‌ಗಳು ಸದಾ ಬಾಗಿದ ಸ್ಥಿತಿಯಲ್ಲೇ ಕೆಲಸ ಮಾಡುತ್ತವೆ. ರಬ್ಬರ್ ಬೂಟ್ ಹರಿಯುತ್ತದೆ, ಕೆಸರು ಒಳಗೆ ಹೋಗುತ್ತದೆ, ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಶುರುವಾಗುತ್ತದೆ. ಬಾಲ್ ಜಾಯಿಂಟ್‌ಗಳಿಗೂ ಇದೇ ಗತಿ. ಜೊತೆಗೆ ಮುಂದಿನ ಚಕ್ರ ಕೆಳಗೆ ಜೋಲಲು ಉಳಿಯುವ ದೂರ ಬಹಳ ಕಡಿಮೆಯಾಗುತ್ತದೆ. ಹೊಂಡದಲ್ಲಿ ಮೊದಲಿಗಿಂತ ಬೇಗ ಚಕ್ರ ಗಾಳಿಗೆ ಏಳುತ್ತದೆ. ಎತ್ತರ ಜಾಸ್ತಿ ಆಗಿದ್ದಕ್ಕೇ ಗಾಡಿಯ ಹಿಡಿತ ಕಡಿಮೆ ಆಯಿತು. ಹಳೆಯ ಥಾರ್‌ನ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸಲಾಕೆ) ಬಿಗಿ ಮಾಡಿ ಎತ್ತಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ದೊಡ್ಡ ಟಯರ್ ಹಾಕಿದ ಮೇಲೆ ಗಾಡಿ ಎಳೆಯಲ್ಲ, ಸ್ಪೀಡೂ ತಪ್ಪು ತೋರಿಸುತ್ತೆ. ಹೌದಾ?

ಹೌದು. ಜಿಮ್ನಿಯಲ್ಲಿ 693ರಿಂದ 733ಕ್ಕೆ ಹೋದರೆ ವ್ಯತ್ಯಾಸ ಶೇ. 6ರ ಹತ್ತಿರ. ಮೀಟರಿನಲ್ಲಿ 80 ಕಂಡಾಗ ನಿಜವಾದ ವೇಗ ಸುಮಾರು 85ಕ್ಕೆ ಏರಿರುತ್ತದೆ. ಪ್ರತಿ ಗೇರೂ ಅಷ್ಟೇ ಭಾರವಾಗುತ್ತದೆ. ಘಾಟಿಯಲ್ಲಿ ಒಂದು ಗೇರ್ ಕೆಳಗೆ ಇಳಿಸಿ ಹತ್ತಬೇಕಾಗುತ್ತದೆ.

ಕೆಲಸ ಮುಗಿಸಿ ಗಾಡಿ ಕೊಡ್ತಾರೆ. ಸರಿಯಾಗಿ ಮಾಡಿದ್ದಾರಾ ಅಂತ ನಾನೇ ಹೇಗೆ ನೋಡೋದು?

ಕೆಲಸಕ್ಕೆ ಕೊಡುವ ಮೊದಲೇ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹೀಗೆ ಅಳೆದರೆ ಟಯರ್ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಮುಗಿದ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸವೇ ನಿಮಗೆ ಸಿಕ್ಕ ಲಿಫ್ಟ್. ಎಡ ಬಲ 10 ಮಿ.ಮೀ.ಗಿಂತ ಜಾಸ್ತಿ ಬೇರೆಯಾಗಿದ್ದರೆ ಕೇಳಿ.

ಆಮೇಲೆ ಗ್ಯಾರೇಜಿನಲ್ಲೇ ಜಾಕ್ ಹಾಕಿ ಒಂದು ಚಕ್ರ ಪೂರ್ತಿ ಜೋಲುವಂತೆ ಮಾಡಿಸಿ. ಜಾಕ್ ಮಾತ್ರ ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಇಡಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್, ಆಕ್ಸಲ್‌ನ ಬ್ರೀದರ್ ಪೈಪು ಬಿಗಿಯಾಗಿದ್ದರೆ ಗಾಡಿ ತೆಗೆದುಕೊಳ್ಳಬೇಡಿ. ನಾಲ್ಕೂ ಚಕ್ರಕ್ಕೆ ಇದನ್ನು ಮಾಡಿ. ಜೋತ ಸ್ಥಿತಿಯಲ್ಲಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಅದೇ ರೀತಿ ಚಕ್ರ ಪೂರ್ತಿ ಮೇಲೆ ಒತ್ತಿದಾಗ ಟಯರ್ ಎಲ್ಲೂ ತಾಗಬಾರದು, ಶಾಕ್‌ಗಿಂತ ಮೊದಲು ಬಂಪ್ ಸ್ಟಾಪ್ ಅನ್ನುವ ರಬ್ಬರ್ ತಡೆ ತಾಗಬೇಕು.

60-80 ಕಿ.ಮೀ. ವೇಗದಲ್ಲಿ ನೆಲದಿಂದ ಗುಂಯ್ ಅನ್ನುವ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ನೋಡಿಸಿ. ಹೆಡ್‌ಲೈಟ್ ಕೆಳಗೆ ಇಳಿಸಿಸಿ. ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. 1,000 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ, ಅದೇ ಚೀಟಿ ಹಿಡಿದು ನಾಲ್ಕೂ ಕಡೆ ಅಳೆಯಿರಿ.